ಮದ್ದು ಮುಗಿಸಿದವರ ಚರಿತ್ರೆ

ಹನುಮಂತನಗರದಿಂದ ಹೊಸೂರು ರಸ್ತೆಯ ಕಿದ್ವಾಯಿ ಆಸ್ಪತ್ರೆಗೆ ದೂರವೇನೂ ಹೆಚ್ಚಿಲ್ಲ. ಐವತ್ತಡಿ ರಸ್ತೆಯನ್ನು ಬಿಟ್ಟು, ಗಾಂಧಿ ಬಜಾರನ್ನು ದಾಟಿ, ಲಾಲ್‌ಬಾಗಿನ ಪಶ್ಚಿಮದ ಬಾಗಿಲನ್ನು ಬಳಸಿ, ಸಿದ್ಧಾಪುರದ ಕಡೆಯಿಂದ ನಿಮ್ಹಾನ್ಸಿನ ಪಕ್ಕಕ್ಕೆ ಬಂದರೆ ಆಯಿತು; ಐದಾರು ಕಿಲೋಮೀಟರಿನ ಹಾದಿ. ಆದರೆ ಬಾಯಿ, ನಾಲಗೆ, ಗಂಟಲು, ಧ್ವನಿಪೆಟ್ಟಿಗೆ ಇವುಗಳಲ್ಲೊಂದಕ್ಕೆ ಕ್ಯಾನ್ಸರ್ ತಗುಲಿದವನು ಈ ಹಾದಿಯನ್ನು ವಾರಕ್ಕೆ ಐದು ದಿನದಂತೆ ಆರೇಳು ವಾರ, ಎಂದರೆ ಮೂವತ್ತಕ್ಕೂ ಹೆಚ್ಚು ಬಾರಿ ತುಳಿಯಬೇಕಾಗುತ್ತದೆ. ಅದರ ನಡುನಡುವೆ, ಮೂರು ವಾರಕ್ಕೊಮ್ಮೆಯೋ ವಾರಕ್ಕೊಮ್ಮೆಯೋ, ರಕ್ತನಾಳಕ್ಕೆ ಔಷಧವನ್ನು ಹನಿಹನಿಯಾಗಿ ಇಳಿಸಿಕೊಳ್ಳಬೇಕಾಗುತ್ತದೆ. ನಮ್ಮ ಜನ ಮೊದಲನೆಯದನ್ನು ‘ಕರೆಂಟು ಕೊಡಿಸುವುದು’ ಎಂದೂ ಎರಡನೆಯದನ್ನು ‘ಕೀಮೋ’ ಎಂದೂ ಕರೆಯುತ್ತಾರೆ. ಮೊದಲ ವಾರದಲ್ಲಿ ಹಾದಿ ಐದಾರು ಕಿಲೋಮೀಟರೇ. ಐದನೆಯ ವಾರದಲ್ಲಿ, ಗಂಟಲೆಲ್ಲ ಹುಣ್ಣಾಗಿ ಗುಟುಕು ನೀರೂ ಇಳಿಯದ ಹೊತ್ತಿನಲ್ಲಿ, ಅದರ ಉದ್ದವೆಷ್ಟೆಂಬುದನ್ನು ಹೋಗಿಬಂದವರೇ ಬಲ್ಲರು.

ಔಷಧಗಳನ್ನು ಕಂಡುಹಿಡಿದವರ ಚರಿತ್ರೆಯನ್ನು ಬರೆದವರು ಬಹು ಮಂದಿ. ಹಾಗೆ ಕಂಡುಹಿಡಿದ ಔಷಧವನ್ನು ರೋಗಿ ಕಡೆಯ ಮಾತ್ರೆಯವರೆಗೆ ಪಡೆಯಲು ಸಾಧ್ಯವಾದದ್ದು ಹೇಗೆ ಎಂಬುದಕ್ಕೂ ಒಂದು ಚರಿತ್ರೆಯುಂಟು. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿನ ವಿಷಯದಲ್ಲಿ ಈ ಎರಡನೆಯ ಚರಿತ್ರೆಯೇ ಹೆಚ್ಚು ಬೋಧಪ್ರದವಾದುದೆಂದು ನನಗೆ ತೋರುತ್ತದೆ.

ಮದ್ದಿಲ್ಲದ ಕಾಲ

ಬುಲ್ ಟೆಂಪಲ್ ರಸ್ತೆಯ ರಾಮಕೃಷ್ಣಾಶ್ರಮದ ಮುಂದೆ ದಿನವೂ ಹಾದುಹೋಗುವ ನಮ್ಮ ಓದುಗರಿಗೆ ಶ್ರೀ ರಾಮಕೃಷ್ಣ ಪರಮಹಂಸರ ಕಡೆಯ ದಿನಗಳ ಕಥೆ ಹೊಸದಲ್ಲ. ೧೮೮೫ರಲ್ಲಿ ಅವರಿಗೆ ಗಂಟಲ ಬೇನೆ ತೊಡಗಿತು. ಬರಬರುತ್ತ ಘನವಾದ ಆಹಾರ ಇಳಿಯದಾಯಿತು, ಮಾತು ಪಿಸುದನಿಯಾಯಿತು. ಚಿಕಿತ್ಸೆಗೆ ಬಂದವರು ಸಾಮಾನ್ಯರಲ್ಲ, ಕಲ್ಕತ್ತೆಯ ಡಾಕ್ಟರ್ ಮಹೇಂದ್ರಲಾಲ್ ಸರ್ಕಾರರು. ಮುಂದೆ ಸಿ. ವಿ. ರಾಮನ್ನರು ತಮ್ಮ ವಿಖ್ಯಾತ ಶೋಧವನ್ನು ನಡೆಸಿದ ವಿಜ್ಞಾನಸಂಸ್ಥೆಯನ್ನು ೧೮೭೬ರಲ್ಲಿ ಕಟ್ಟಿದವರು ಇವರೇ. ಹಗಲಿರುಳೆನ್ನದೆ ಸರದಿಯ ಮೇಲೆ ಕಾದ ಶಿಷ್ಯರಿದ್ದರು. ಪಥ್ಯವನ್ನು ಅಣಿಮಾಡಿಕೊಡಲು ಶಾರದಾದೇವಿಯವರಿದ್ದರು. ೧೮೮೬ರ ಆಗಸ್ಟ್ ೧೬ರಂದು ಕಾಶೀಪುರದ ತೋಟದ ಮನೆಯಲ್ಲಿ ಎಲ್ಲವೂ ಮುಗಿಯಿತು. ಬಲ್ಲ ವೈದ್ಯರಿದ್ದರು, ಶುಶ್ರೂಷೆಗೆ ಕೊರತೆಯಿರಲಿಲ್ಲ, ಮದ್ದೊಂದಿರಲಿಲ್ಲ. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ಶತಮಾನದಲ್ಲಿ ಪರಿಸ್ಥಿತಿ ಅನೇಕ ಕಡೆ ತಿರುವುಮುರುವಾಯಿತು.

ದಿನಕ್ಕಿಷ್ಟು ಎಂಬ ವಿಚಾರ

೧೮೯೫ರಲ್ಲಿ ರಾಂಟ್‌ಜನ್ನನು ಕ್ಷಕಿರಣವನ್ನೂ ೧೮೯೮ರಲ್ಲಿ ಕ್ಯೂರಿ ದಂಪತಿಗಳು ರೇಡಿಯಮ್ಮನ್ನೂ ಕಂಡುಹಿಡಿದ ಮೇಲೆ, ಗಂಟಲ ಗಡ್ಡೆಯನ್ನು ಕಿರಣದಿಂದ ಸುಡಬಹುದೆಂಬ ಆಸೆ ಹುಟ್ಟಿತು. ಆರಂಭದಲ್ಲಿ ಒಂದೆರಡು ಸಲಕ್ಕೇ ದೊಡ್ಡ ಮೊತ್ತದ ಕಿರಣವನ್ನು ಹಾಯಿಸುತ್ತಿದ್ದರು. ಗಡ್ಡೆಯ ಜೊತೆಗೆ ಸುತ್ತಲಿನ ಮಾಂಸವೂ ಬೆಂದುಹೋಗುತ್ತಿತ್ತು. ಪ್ಯಾರಿಸಿನ ಆಂರಿ ಕುತಾರ್ ಎಂಬ ವೈದ್ಯನು ಅದೇ ಕಿರಣವನ್ನು ದಿನಕ್ಕಿಷ್ಟೆಂದು ಹಂಚಿ, ವಾರಗಟ್ಟಲೆ ಕೊಟ್ಟು ನೋಡಿದನು. ೧೯೨೨ರಲ್ಲಿ ಪ್ಯಾರಿಸಿನಲ್ಲಿ ಸೇರಿದ್ದ ವೈದ್ಯರ ಸಮ್ಮೇಳನದಲ್ಲಿ, ಹೀಗೆ ಗುಣವಾದ ಧ್ವನಿಪೆಟ್ಟಿಗೆಯ ಕ್ಯಾನ್ಸರಿನ ಆರು ಮಂದಿಯ ವಿವರವನ್ನು ಅವನೂ ಅವನ ಸಂಗಡಿಗನೂ ಮುಂದಿಟ್ಟರು. ಆರೋಗ್ಯವಂತ ಜೀವಕೋಶ ರಾತ್ರಿ ಕಳೆಯುವುದರೊಳಗೆ ತನ್ನ ಗಾಯವನ್ನು ಒಂದಿಷ್ಟು ಮಾಯಿಸಿಕೊಳ್ಳುತ್ತದೆ. ಕ್ಯಾನ್ಸರಿನ ಕೋಶಕ್ಕೆ ಆ ಸಾಮರ್ಥ್ಯ ಕಡಿಮೆ. ದಿನದಿನದ ಈ ವ್ಯತ್ಯಾಸ ಕೂಡುತ್ತ ಹೋದಂತೆ ಗಡ್ಡೆ ಸಾಯುತ್ತದೆ, ಮನುಷ್ಯ ಉಳಿಯುತ್ತಾನೆ.

ಚಿಕಿತ್ಸೆಗೆ ಒಂದು ‘ಅವಧಿ’ ಬಂದದ್ದು ಹೀಗೆ. ಅವಧಿ ಬಂದೊಡನೆ ಅದನ್ನು ಮುಗಿಸುವ ಪ್ರಶ್ನೆಯೂ ಬಂದಿತು. ನಡುವೆ ಹತ್ತು ದಿನ ಬಿಟ್ಟರೆ ಏನಾದೀತು ಎಂದು ಕೇಳುವವರಿಗೆ ಸ್ಪಷ್ಟವಾದ ಉತ್ತರ ದೊರೆತದ್ದು ಬಹಳ ತಡವಾಗಿ. ಚಿಕಿತ್ಸೆ ತೊಡಗಿ ಸುಮಾರು ನಾಲ್ಕು ವಾರವಾದ ಮೇಲೆ ಅಳಿದುಳಿದ ಕ್ಯಾನ್ಸರ್ ಕೋಶಗಳು ಮೊದಲಿಗಿಂತ ಬಿರುಸಾಗಿ ಬೆಳೆಯತೊಡಗುತ್ತವೆಂದು ವಿದರ್ಸ್ ಎಂಬ ವಿಜ್ಞಾನಿಯೂ ಅವನ ಜೊತೆಯವರೂ ೧೯೮೮ರಲ್ಲಿ ತೋರಿಸಿದರು. ಬಾಯಿ ಹುಣ್ಣಾಗಿ ‘ಇನ್ನು ಸಾಕು’ ಎನ್ನಿಸುವ ಕಾಲವೂ, ಬಿಡಲೇಬಾರದ ಕಾಲವೂ ಒಂದೇ ಆದದ್ದು ಈ ರೋಗದ ಕ್ರೌರ್ಯ.

ಔಷಧದ ಪ್ರವೇಶ

ಆಧುನಿಕ ಕಿಮೋಥೆರಪಿಯನ್ನು ಪಡೆದ ಮೊದಲ ರೋಗಿಯೆಂದು ವೈದ್ಯಚರಿತ್ರೆಯಲ್ಲಿ ದಾಖಲಾದವನ ಗಡ್ಡೆಯಿದ್ದುದೂ ಕುತ್ತಿಗೆಯ ಭಾಗದಲ್ಲಿಯೇ. ದುಗ್ಧಗ್ರಂಥಿಯ ಕ್ಯಾನ್ಸರಿನಿಂದ ಕತ್ತು ಊದಿ, ನುಂಗಲೂ ಉಸಿರಾಡಲೂ ಪರದಾಡುತ್ತಿದ್ದ, ‘ಜೆ. ಡಿ.’ ಎಂಬ ಅಕ್ಷರಗಳಿಂದ ಮಾತ್ರ ಗುರುತಾಗುವ ಆತನಿಗೆ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ೧೯೪೨ರ ಆಗಸ್ಟ್ ೨೭ರಿಂದ ನೈಟ್ರೊಜನ್ ಮಸ್ಟರ್ಡನ್ನು ಹತ್ತು ದಿನ ಚುಚ್ಚಿದರು. ಯುದ್ಧದ ವಿಷಾನಿಲದ ಬಳಗಕ್ಕೆ ಸೇರಿದ ಪದಾರ್ಥ ಅದು. ಆದ್ದರಿಂದ ವಿಷಯವನ್ನು ಗುಟ್ಟಾಗಿಟ್ಟು, ಯುದ್ಧ ಮುಗಿದ ಮೇಲೆ ೧೯೪೬ರಲ್ಲಿ ಪ್ರಕಟಿಸಿದರು. ಗಡ್ಡೆ ಕರಗಿತು, ಆತ ಕತ್ತು ತಿರುಗಿಸಿದ, ಊಟ ನುಂಗಿದ. ಆದರೆ ಔಷಧ ಅವನ ಎಲುಬಿನ ಮಜ್ಜೆಯನ್ನೂ ಬಡಿದಿತ್ತು; ಗಡ್ಡೆ ಮತ್ತೆ ಎದ್ದಿತು; ಡಿಸೆಂಬರ್ ೧ರಂದು ಆತ ತೀರಿಕೊಂಡ. ಔಷಧವು ರೋಗವನ್ನೂ ರೋಗಿಯನ್ನೂ ಒಟ್ಟಿಗೇ ಹಿಡಿಯುತ್ತದೆಂಬ ಪಾಠ ಮೊದಲ ದಿನವೇ ಆಯಿತು.

ಅನಂತರ ಬಂದದ್ದು ಮೆಥೊಟ್ರೆಕ್ಸೇಟ್. ಆಂಧ್ರದ ಭೀಮವರದಲ್ಲಿ ಹುಟ್ಟಿ ಅಮೆರಿಕದ ಲೆಡರ್ಲಿ ಪ್ರಯೋಗಶಾಲೆಯಲ್ಲಿ ದುಡಿದ ಯಲ್ಲಾಪ್ರಗಡ ಸುಬ್ಬರಾಯರ ಬಳಗದಿಂದ ಬಂದ ಔಷಧಗಳಲ್ಲಿ ಇದೂ ಒಂದು. ಮಕ್ಕಳ ರಕ್ತದ ಕ್ಯಾನ್ಸರಿನಲ್ಲಿ ಇದರ ಬಳಗದ ಔಷಧ ಹೆಸರು ಮಾಡಿದ ಮೇಲೆ, ಬಾಯಿ ಗಂಟಲುಗಳ ಕ್ಯಾನ್ಸರಿಗೂ ಮೆಥೊಟ್ರೆಕ್ಸೇಟನ್ನು ದಶಕಗಳ ಕಾಲ ಕೊಟ್ಟರು.

ನಮ್ಮ ನೆರೆಯ ಮದರಾಸಿನಲ್ಲಿ ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರ ಛಲದಿಂದ ೧೯೫೪ರಲ್ಲಿ ಹನ್ನೆರಡು ಹಾಸಿಗೆಗಳೊಡನೆ ಅಡಯಾರಿನ ಕ್ಯಾನ್ಸರ್ ಸಂಸ್ಥೆ ತೆರೆಯಿತು. ಅಲ್ಲಿನ ಡಾಕ್ಟರ್ ಎಸ್. ಕೃಷ್ಣಮೂರ್ತಿ ಹಾಗೂ ಡಾಕ್ಟರ್ ವಿ. ಶಾಂತಾ, ಕಿರಣವನ್ನೂ ಔಷಧವನ್ನೂ ಒಂದೇ ಕಾಲದಲ್ಲಿ ಕೊಟ್ಟರೆ ಹೇಗೆಂದು ಯೋಚಿಸಿದರು. ಎಲೆಯಡಿಕೆ ಹೊಗೆಸೊಪ್ಪು ಹಾಕಿಕೊಳ್ಳುವವರ ಕೆನ್ನೆಯೊಳಗೆ ಏಳುವ ಕ್ಯಾನ್ಸರಿಗೆ ಕಿರಣದ ಜೊತೆ ಬ್ಲಿಯೊಮೈಸಿನ್ ಎಂಬ ಜಪಾನಿನ ಔಷಧವನ್ನು ಸೇರಿಸಿ, ಕಿರಣವನ್ನಷ್ಟೇ ಪಡೆದವರೊಡನೆ ಹೋಲಿಸಿ ನೋಡಿ, ೧೯೭೭ರಲ್ಲೂ ೧೯೮೦ರಲ್ಲೂ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಔಷಧ ಸೇರಿದ ಕಡೆ ಗಡ್ಡೆ ಕರಗಿದವರ ಸಂಖ್ಯೆ ಹೆಚ್ಚು. ಪಶ್ಚಿಮ ದೇಶಗಳಲ್ಲಿ ಜಂಟಿ ಚಿಕಿತ್ಸೆ ವಾಡಿಕೆಯಾಗುವುದಕ್ಕೆ ಎಷ್ಟೋ ಮೊದಲೇ ದಕ್ಷಿಣ ಭಾರತದಲ್ಲಿ ನಡೆದ ಈ ಕೆಲಸವನ್ನು ನಾವು ಮರೆಯಬಾರದು.

ಹೊಸೂರು ರಸ್ತೆಯಲ್ಲಿ

ಬೆಂಗಳೂರಿಗೆ ೧೯೦೦ರಿಂದಲೂ ವಿಕ್ಟೋರಿಯಾ ಆಸ್ಪತ್ರೆಯಿತ್ತು. ಕ್ಯಾನ್ಸರಿಗೆಂದೇ ಹೊಸೂರು ರಸ್ತೆಯಲ್ಲಿ ಕಿದ್ವಾಯಿ ಸ್ಮಾರಕ ಸಂಸ್ಥೆ ಆರಂಭವಾದದ್ದು ೧೯೭೩ರಲ್ಲಿ. ಕೇಂದ್ರದಲ್ಲಿ ಮಂತ್ರಿಗಳಾಗಿದ್ದ ರಫಿ ಅಹಮದ್ ಕಿದ್ವಾಯಿಯವರ ಹೆಸರನ್ನು ಹೊತ್ತ ಈ ಸಂಸ್ಥೆ ೧೯೮೦ರಲ್ಲಿ ಸ್ವಾಯತ್ತವಾಯಿತು. ಅದರ ಸ್ಥಾಪಕ ನಿರ್ದೇಶಕರು ಡಾಕ್ಟರ್ ಎಂ. ಕೃಷ್ಣ ಭಾರ್ಗವ. ೧೯೮೨ರಿಂದ ಊರಿನ ಕ್ಯಾನ್ಸರ್ ರೋಗಿಗಳ ಲೆಕ್ಕವನ್ನು ಕ್ರಮವಾಗಿ ಬರೆದಿಡುವ ಕೆಲಸ ಅಲ್ಲಿ ಮೊದಲಾಯಿತು.

ಆ ಲೆಕ್ಕದ ಪುಸ್ತಕ ನಮ್ಮ ಮನೆಗಳ ಒಳಗನ್ನೇ ತೆರೆದು ತೋರಿಸಿತು. ಅಲ್ಲಿ ದಾಖಲಾದ ಬಾಯಿಯ ಕ್ಯಾನ್ಸರಿನ ೩೪೮ ಮಂದಿಯನ್ನು ಆರೋಗ್ಯವಂತರೊಡನೆ ಹೋಲಿಸಿದ ಅಧ್ಯಯನವೊಂದು ೧೯೯೦ರಲ್ಲಿ ಪ್ರಕಟವಾಯಿತು. ಎಲೆಯಡಿಕೆಯ ಜೊತೆ ಹೊಗೆಸೊಪ್ಪನ್ನು ಅಗಿಯುವವರಿಗೆ ಅಪಾಯ ಅನೇಕ ಪಟ್ಟು. ಗಂಡಸರಿಗಿಂತ ಹೆಂಗಸರಲ್ಲಿ ಅದು ಇನ್ನೂ ಅಧಿಕ. ಬೀಡಿ ಸಿಗರೇಟುಗಳನ್ನು ಮುಟ್ಟದ ಎಷ್ಟೋ ತಾಯಂದಿರು ಸೆರಗಿನ ಗಂಟಿನಲ್ಲಿ ಕಡ್ಡಿಪುಡಿಯನ್ನು ಇಟ್ಟುಕೊಂಡಿರುತ್ತಿದ್ದ ನಾಡಿದು. ೨೦೧೩ರಲ್ಲಿ ಕರ್ನಾಟಕ ಸರ್ಕಾರ ಗುಟ್ಕಾವನ್ನು ನಿಷೇಧಿಸಿತಾದರೂ, ಹತ್ತಾರು ವರ್ಷ ಅಗಿದದ್ದರ ಫಲ ಆಮೇಲೂ ಆಸ್ಪತ್ರೆಯ ಸಾಲಿನಲ್ಲಿ ಬಂದು ನಿಲ್ಲುತ್ತಲೇ ಇದೆ.

ಪ್ಲಾಟಿನಮ್ಮಿನ ಮಹಿಮೆ, ನೀರಿನ ಮಹಿಮೆ

ಇಂದು ಈ ಸಾಲಿನಲ್ಲಿ ನಿಂತವರ ಪೈಕಿ ಬಹುಮಂದಿಗೆ ಕಿರಣದ ಜೊತೆ ಕೊಡುವ ಔಷಧ ಸಿಸ್‌ಪ್ಲಾಟಿನ್. ಇಟಲಿಯ ಪೈರೊನೆ ಎಂಬವನು ೧೮೪೦ರ ದಶಕದಲ್ಲಿಯೇ ಅದನ್ನು ತಯಾರಿಸಿದ್ದರೂ ನೂರಿಪ್ಪತ್ತು ವರ್ಷ ಯಾರಿಗೂ ಅದರ ಬೆಲೆ ತಿಳಿಯಲಿಲ್ಲ. ಅಮೆರಿಕದ ಮಿಶಿಗನ್ನಿನ ಬಾರ್ನೆಟ್ ರೋಸನ್‌ಬರ್ಗ್, ವಿದ್ಯುತ್ತು ಹರಿಸಿದರೆ ಸೂಕ್ಷ್ಮಜೀವಿಗಳ ಬೆಳವಣಿಗೆ ಏನಾಗುವುದೆಂದು ನೋಡಲು ಪ್ಲಾಟಿನಂ ಕಡ್ಡಿಗಳನ್ನು ದ್ರವದಲ್ಲಿ ಅದ್ದಿದನು. ಜೀವಿಗಳು ಒಡೆದು ಎರಡಾಗುವುದನ್ನು ನಿಲ್ಲಿಸಿ ಎಳೆ ಎಳೆಯಾಗಿ ಉದ್ದಕ್ಕೆ ಬೆಳೆದವು. ಕಾರಣ ವಿದ್ಯುತ್ತಲ್ಲ, ಕಡ್ಡಿಯಿಂದ ಕರಗಿಬಂದ ಪ್ಲಾಟಿನಂ. ೧೯೬೫ರಲ್ಲಿ ಇದು ಪ್ರಕಟವಾಯಿತು. ೧೯೬೯ರಲ್ಲಿ ಇಲಿಗಳ ಗಡ್ಡೆ ಕರಗಿದ ವರದಿ ಬಂದಿತು. ೧೯೭೮ರ ಡಿಸೆಂಬರಿನಲ್ಲಿ ಅಮೆರಿಕದ ಸರ್ಕಾರ ಔಷಧಕ್ಕೆ ಒಪ್ಪಿಗೆ ಕೊಟ್ಟಿತು.

ನಡುವಿನ ವರ್ಷಗಳಲ್ಲಿ ಈ ಔಷಧವನ್ನು ಕೈಬಿಡುವ ಮಾತೇ ಎದ್ದಿತ್ತು. ಅದು ಮೂತ್ರಪಿಂಡವನ್ನು ಕೆಡಿಸುತ್ತಿತ್ತು, ಕಿವಿಯನ್ನು ಮಂದಮಾಡುತ್ತಿತ್ತು. ವಾಂತಿಯಂತೂ ಹೇಳತೀರದು. ಮೊದಲ ಸಲ ಪಡೆದವರು ಎರಡನೆಯ ಸಲ ಆಸ್ಪತ್ರೆಯ ಬಾಗಿಲನ್ನು ಕಂಡರೇ ವಾಂತಿ ಮಾಡಿಕೊಳ್ಳುವಷ್ಟು. ಈ ಔಷಧವನ್ನು ಉಳಿಸಿದ್ದು ಯಾವ ಹೊಸ ಅಣುವೂ ಅಲ್ಲ, ಉಪ್ಪುನೀರು. ಮೊದಲೇ ಬಾಟಲಿಗಟ್ಟಲೆ ಸಲೈನನ್ನು ಹರಿಸಿ, ಮೂತ್ರ ಧಾರಾಳವಾಗಿ ಹೋಗುವಂತೆ ಮಾಡಿ, ಆಮೇಲೆ ಔಷಧ ಕೊಟ್ಟರೆ ಮೂತ್ರಪಿಂಡ ತಾಳುತ್ತದೆಂದು ೧೯೭೦ರ ದಶಕದ ಕೊನೆಯ ಹೊತ್ತಿಗೆ ನ್ಯೂಯಾರ್ಕಿನ ವೈದ್ಯರು ತೋರಿಸಿಕೊಟ್ಟರು. ವಾಂತಿಗೆ ತಡೆ ದೊರೆತದ್ದು ೧೯೯೦ರ ಸುಮಾರಿನಲ್ಲಿ, ಆಂಡಾನ್‌ಸೆಟ್ರಾನ್ ಬಂದಾಗ. ನುಂಗಲಾರದವರ ಹೊಟ್ಟೆಗೆ ಗಂಜಿ ಸೇರಿಸುವ ಉಪಾಯ ಇನ್ನೂ ಹಳೆಯದು. ಇಂಗ್ಲೆಂಡಿನ ಡಾಕ್ಟರ್ ಜಾನ್ ರೈಲ್ ೧೯೨೧ರಲ್ಲಿ ಜಠರರಸವನ್ನು ಪರೀಕ್ಷಿಸಲೆಂದು ಬಳಕೆಗೆ ತಂದ ತೆಳುವಾದ ನಳಿಗೆಯೇ ಇಂದು ನಮ್ಮ ವಾರ್ಡುಗಳಲ್ಲಿ ‘ರೈಲ್ಸ್ ಟ್ಯೂಬು’ ಎನಿಸಿಕೊಂಡು, ಮೂಗಿನ ಮೂಲಕ ರಾಗಿಗಂಜಿಯನ್ನೂ ಹಾಲನ್ನೂ ಒಳಕ್ಕೆ ಒಯ್ಯುತ್ತಿದೆ. ನೀರು, ವಾಂತಿ ತಡೆಯುವ ಗುಳಿಗೆ, ಗಂಜಿಯ ನಳಿಗೆ ಈ ಮೂರೂ ಕ್ಯಾನ್ಸರ್ ಕೋಶವನ್ನು ಮುಟ್ಟುವುದಿಲ್ಲ. ಕೊಲ್ಲುವ ಔಷಧವನ್ನು ಮೂರನೆಯ ಸಲ ಕೊಡಲು ಸಾಧ್ಯವಾದದ್ದು ಮಾತ್ರ ಇವುಗಳಿಂದ.

ಎಷ್ಟಾದರೆ ಸಾಕು?

ಹಾಗೆ ಮುಗಿಸಿದವರಿಗೆ ದೊರೆತ ಲಾಭವೇನು? ೨೦೦೩ರಲ್ಲಿ ಪ್ರಕಟವಾದ, ಧ್ವನಿಪೆಟ್ಟಿಗೆಯ ಕ್ಯಾನ್ಸರಿನ ೫೪೭ ಮಂದಿಯ ಅಮೆರಿಕದ ಪರೀಕ್ಷೆಯಲ್ಲಿ, ಕಿರಣದ ಜೊತೆಯಲ್ಲೇ ಸಿಸ್‌ಪ್ಲಾಟಿನ್ ಪಡೆದವರ ಪೈಕಿ ಶೇಕಡಾ ೮೮ ಮಂದಿಯ ಧ್ವನಿಪೆಟ್ಟಿಗೆ ಎರಡು ವರ್ಷದ ಅನಂತರವೂ ಉಳಿದಿತ್ತು. ಕಿರಣವನ್ನಷ್ಟೇ ಪಡೆದವರಲ್ಲಿ ಉಳಿದದ್ದು ಶೇಕಡಾ ೭೦. ತಲೆ ಕುತ್ತಿಗೆಯ ಕ್ಯಾನ್ಸರಿನ ೧೭,೦೦೦ಕ್ಕೂ ಹೆಚ್ಚು ರೋಗಿಗಳ ಲೆಕ್ಕವನ್ನು ಒಂದುಗೂಡಿಸಿದ ೨೦೦೯ರ ವರದಿಯ ಪ್ರಕಾರ, ಕಿರಣದ ಜೊತೆಗೆ ಔಷಧ ಕೊಟ್ಟದ್ದರಿಂದ ಐದು ವರ್ಷ ಬದುಕಿದವರ ಪ್ರಮಾಣ ನೂರಕ್ಕೆ ಆರೂವರೆಯಷ್ಟು ಹೆಚ್ಚಿತು. ಸಂಖ್ಯೆ ಸಣ್ಣದಾಗಿ ಕಂಡೀತು. ನೂರು ಮನೆಗಳ ಪೈಕಿ ಆರೇಳು ಮನೆಗಳಲ್ಲಿ ತಂದೆಯೋ ತಾಯಿಯೋ ಉಳಿದರೆಂದು ಓದಿಕೊಂಡರೆ ಅದರ ತೂಕ ತಿಳಿಯುತ್ತದೆ.

ಸಿಸ್‌ಪ್ಲಾಟಿನ್ನಿನ ಹಳೆಯ ಕ್ರಮವೆಂದರೆ ದೇಹದ ಒಂದು ಚದರ ಮೀಟರು ಮೈಗೆ ೧೦೦ ಮಿಲಿಗ್ರಾಂನಂತೆ, ಮೂರು ವಾರಕ್ಕೊಮ್ಮೆ, ಒಟ್ಟು ಮೂರು ಸಲ. ಮೈಯಳತೆ ಒಂದೂವರೆ ಚದರ ಮೀಟರಿದ್ದರೆ ಒಂದು ಸಲಕ್ಕೆ ೧೫೦ ಮಿಲಿಗ್ರಾಂ. ಇದನ್ನು ಎಷ್ಟು ಮಂದಿ ಮುಗಿಸಿದರು? ಶಸ್ತ್ರಚಿಕಿತ್ಸೆಯಾದ ರೋಗಿಗಳ ಮೇಲೆ ಯೂರೋಪಿನಲ್ಲೂ ಅಮೆರಿಕದಲ್ಲೂ ನಡೆದ ಎರಡು ದೊಡ್ಡ ಪರೀಕ್ಷೆಗಳು ೨೦೦೪ರಲ್ಲಿ ಒಟ್ಟಿಗೇ ಪ್ರಕಟವಾದವು. ಮೂರೂ ಸಲದ ಔಷಧವನ್ನು ಪಡೆದವರು ಒಂದರಲ್ಲಿ ಶೇಕಡಾ ೪೯, ಇನ್ನೊಂದರಲ್ಲಿ ಶೇಕಡಾ ೬೧. ಆರಿಸಿ ತೆಗೆದ ರೋಗಿಗಳು, ಸಿರಿವಂತ ದೇಶಗಳ ಆಸ್ಪತ್ರೆಗಳು. ಅಲ್ಲಿಯೇ ಸುಮಾರು ಅರ್ಧದಷ್ಟು ಮಂದಿಗೆ ಮುಗಿಸಲಾಗಲಿಲ್ಲ. ಆದ್ದರಿಂದ ಮುಗಿಸಲಾರದವನನ್ನು ಧೈರ್ಯಗೇಡಿಯೆಂದು ನೆಂಟರಿಷ್ಟರು ಮೂದಲಿಸುವುದು ಅಜ್ಞಾನ. ರಕ್ತದ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಏರಿದರೆ ಮುಂದಿನ ಸಲದ ಔಷಧವನ್ನು ತಡೆಯುವವರು ವೈದ್ಯರೇ. ಮನೋಬಲ ಎಷ್ಟಿದ್ದರೂ ಮೂತ್ರಪಿಂಡ ಕೇಳುವುದಿಲ್ಲ.

ಅನೇಕ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದವರು, ಚದರ ಮೀಟರಿಗೆ ಒಟ್ಟು ೨೦೦ ಮಿಲಿಗ್ರಾಂ ಸೇರಿದರೆ ಲಾಭದ ಬಹುಪಾಲು ಸಂದಂತೆ ಎಂದು ಸಾಮಾನ್ಯವಾಗಿ ಒಪ್ಪಿದ್ದಾರೆ. ಎರಡು ಸಲ ಪಡೆದು ಮೂರನೆಯದು ತಪ್ಪಿಹೋದವನು ಎದೆಗುಂದಬೇಕಾಗಿಲ್ಲವೆಂಬುದು ಇದರ ಅರ್ಥ. ಹಾಗಾದರೆ ಅದೇ ಔಷಧವನ್ನು ವಾರಕ್ಕಿಷ್ಟೆಂದು ಹಂಚಬಾರದೇಕೆ? ಕುತಾರನ ಹಳೆಯ ವಿಚಾರವೇ ಔಷಧಕ್ಕೂ ಬಂದಿತು. ನಮ್ಮ ದೇಶದ ಆಸ್ಪತ್ರೆಗಳಲ್ಲಿ ವಾರದ ಕ್ರಮ ಬಹು ಹಿಂದೆಯೇ ರೂಢಿಯಾಗಿತ್ತು. ಹಾಸಿಗೆ ಸಾಲದ ಕಡೆ, ಬೆಳಗ್ಗೆ ಬಂದು ಔಷಧ ಪಡೆದು ಸಂಜೆ ಮನೆಗೆ ಹೋಗುವ ಕ್ರಮ ಎಲ್ಲರಿಗೂ ಅನುಕೂಲ.

ಈ ರೂಢಿಯನ್ನು ಒರೆಗೆ ಹಚ್ಚಿದವರು ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು. ೩೦೦ ರೋಗಿಗಳಲ್ಲಿ ಅರ್ಧ ಮಂದಿಗೆ ವಾರಕ್ಕೆ ೩೦ ಮಿಲಿಗ್ರಾಂನಂತೆಯೂ ಉಳಿದವರಿಗೆ ಮೂರು ವಾರಕ್ಕೆ ೧೦೦ರಂತೆಯೂ ಕೊಟ್ಟು, ೨೦೧೮ರಲ್ಲಿ ಫಲಿತಾಂಶವನ್ನು ಹೊರಗಿಟ್ಟರು. ಎರಡು ವರ್ಷದ ಹೊತ್ತಿಗೆ ಕುತ್ತಿಗೆಯ ಭಾಗದಲ್ಲಿ ರೋಗ ಹತೋಟಿಯಲ್ಲಿದ್ದದ್ದು ವಾರದವರಲ್ಲಿ ಶೇಕಡಾ ೫೮.೫, ಮೂರು ವಾರದವರಲ್ಲಿ ಶೇಕಡಾ ೭೩.೧. ತೀವ್ರವಾದ ತೊಂದರೆಗಳೂ ಎರಡನೆಯವರಲ್ಲೇ ಹೆಚ್ಚು. ಸುಲಭವಾಗಿ ಮುಗಿಯುವ ಔಷಧ ತೀರ ಕಡಿಮೆಯಾದರೆ ಮುಗಿಸಿಯೂ ಪ್ರಯೋಜನವಿಲ್ಲವೆಂಬ ಕಹಿಮಾತನ್ನು ನಮ್ಮವರೇ ನಮಗೆ ಹೇಳಿದರು. ಅನಂತರ ೨೦೨೨ರಲ್ಲಿ ಜಪಾನಿನವರು, ಶಸ್ತ್ರಚಿಕಿತ್ಸೆಯಾದವರಿಗೆ ವಾರಕ್ಕೆ ೪೦ ಮಿಲಿಗ್ರಾಂನಂತೆ ಕೊಟ್ಟರೆ ಮೂರು ವಾರದ ಕ್ರಮಕ್ಕಿಂತ ಕೀಳಾಗುವುದಿಲ್ಲವೆಂದು ೨೬೧ ಮಂದಿಯಲ್ಲಿ ತೋರಿಸಿದರು. ಮೂವತ್ತಕ್ಕೂ ನಲವತ್ತಕ್ಕೂ ನಡುವಿನ ಹತ್ತು ಮಿಲಿಗ್ರಾಂಗಾಗಿ ವರ್ಷಾನುಗಟ್ಟಲೆ ವಾದ ನಡೆದದ್ದು ವ್ಯರ್ಥವಾಗಲಿಲ್ಲ. ಸಿಸ್‌ಪ್ಲಾಟಿನ್ನನ್ನು ತಾಳಲಾರದ ವೃದ್ಧರಿಗೂ ಕಿವಿ ಮೂತ್ರಪಿಂಡ ಕೆಟ್ಟವರಿಗೂ ವಾರವಾರ ಸ್ವಲ್ಪ ಡೊಸೆಟಾಕ್ಸೆಲ್ ಕೊಡಬಹುದೆಂದು ಟಾಟಾ ಆಸ್ಪತ್ರೆಯವರೇ ೨೦೨೩ರಲ್ಲಿ ಪ್ರಕಟಿಸಿದರು. ಅಂಥ ೩೫೬ ಮಂದಿಯಲ್ಲಿ, ಎರಡು ವರ್ಷ ಬದುಕಿದವರ ಪ್ರಮಾಣ ಶೇಕಡಾ ೪೧.೭ರಿಂದ ೫೦.೮ಕ್ಕೆ ಏರಿತ್ತು.

ಬೆಂಗಳೂರೂ ಈ ಕಥೆಯಲ್ಲಿ ಸುಮ್ಮನಿರಲಿಲ್ಲ. ಕ್ಯೂಬಾ ದೇಶದ ಹವಾನಾದಲ್ಲಿ ರೂಪುಗೊಂಡ ನಿಮೊಟುಜುಮ್ಯಾಬ್ ಎಂಬ ಔಷಧವನ್ನು ನಮ್ಮ ಊರಿನ ಬಯೋಕಾನ್ ಸಂಸ್ಥೆ ೨೦೦೬ರಲ್ಲಿ ತಲೆ ಕುತ್ತಿಗೆಯ ಕ್ಯಾನ್ಸರಿಗಾಗಿಯೇ ಮಾರುಕಟ್ಟೆಗೆ ತಂದಿತು. ಸಿಸ್‌ಪ್ಲಾಟಿನ್ ಹಾಗೂ ಕಿರಣದ ಜೊತೆಗೆ ಇದನ್ನೂ ಸೇರಿಸಿದರೆ ರೋಗ ಮರುಕಳಿಸುವುದು ಕಡಿಮೆಯಾಗುವುದೆಂದು ೨೦೧೯ರಲ್ಲಿ ೫೩೬ ಮಂದಿಯ ಪರೀಕ್ಷೆ ತೋರಿಸಿತು.

ಔಷಧದ ಬೆಲೆ, ಮುಗಿಸುವ ಬೆಲೆ

ಸಿಸ್‌ಪ್ಲಾಟಿನ್ ದುಬಾರಿ ಔಷಧವಲ್ಲ. ಏಳು ವಾರದ ಬಾಡಿಗೆ, ಏಳು ವಾರದ ಕೂಲಿಯ ನಷ್ಟ, ಜೊತೆಗೆ ಬಂದವರ ಊಟ, ಊರಿನಲ್ಲಿ ಬಿಟ್ಟುಬಂದ ಮಕ್ಕಳು, ಇವು ದುಬಾರಿ. ಹನುಮಂತನಗರದವನಿಗೆ ಐದಾರು ಕಿಲೋಮೀಟರಿನ ಹಾದಿ. ಈಚೆಗೆ ಶಂಕರಪುರದಲ್ಲಿ ಶ್ರೀ ಶಂಕರ ಕ್ಯಾನ್ಸರ್ ಆಸ್ಪತ್ರೆಯೂ ಬಂದಿರುವುದರಿಂದ ಇನ್ನೂ ಹತ್ತಿರ. ರಾಯಚೂರಿನಿಂದಲೋ ಬೀದರದಿಂದಲೋ ಬಂದವನಿಗೆ ಹಾಗಲ್ಲ. ಬಡ ಕುಟುಂಬಗಳ ದೊಡ್ಡ ಕಾಯಿಲೆಗಳ ವೆಚ್ಚವನ್ನು ಹೊರುವ ವಾಜಪೇಯಿ ಆರೋಗ್ಯಶ್ರೀ ಯೋಜನೆ ೨೦೧೦ರಲ್ಲಿ ಮೊದಲು ಕಲಬುರಗಿಯ ಕಡೆ ಜಾರಿಗೆ ಬಂದಾಗ, ಅದರಲ್ಲಿ ಕ್ಯಾನ್ಸರೂ ಸೇರಿತ್ತು. ಯೋಜನೆಯಿದ್ದ ಹಳ್ಳಿಗಳಲ್ಲಿ, ಅದು ಇನ್ನೂ ಬಾರದ ನೆರೆಯ ಹಳ್ಳಿಗಳಿಗಿಂತ, ಅಂಥ ಕಾಯಿಲೆಗಳಿಂದಾದ ಬಡವರ ಸಾವು ಕಡಿಮೆಯಿತ್ತೆಂದು ೨೦೧೪ರ ಅಧ್ಯಯನವೊಂದು ಹೇಳಿತು. ೨೦೧೮ರಲ್ಲಿ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಬಂದಿತು.

ಪರಮಹಂಸರ ಕಾಲದಲ್ಲಿ ಶುಶ್ರೂಷೆಯಿತ್ತು, ಮದ್ದಿರಲಿಲ್ಲವೆಂದೆವು. ಈಗ ಮದ್ದಿದೆ, ಅದನ್ನು ಮುಗಿಸಿಕೊಡುವ ಶುಶ್ರೂಷೆ ಎಲ್ಲರಿಗೂ ಇಲ್ಲ. ಗಂಜಿ ಕಾಯಿಸುವವರು, ಬಾಯಿ ಮುಕ್ಕಳಿಸಲು ಉಪ್ಪು ಸೋಡಾದ ನೀರನ್ನು ಕೈಗೆ ಕೊಡುವವರು, ರಕ್ತದ ಚೀಟಿ ಹಿಡಿದು ಸಾಲಿನಲ್ಲಿ ನಿಲ್ಲುವವರು, ಆಸ್ಪತ್ರೆಯ ಬಳಿ ತಂಗಲು ಒಂದು ಧರ್ಮಶಾಲೆ, ಬಸ್ಸಿನ ಖರ್ಚು ಇವು ಯಾವ ಔಷಧ ಚೀಟಿಯಲ್ಲೂ ಬರೆದಿರುವುದಿಲ್ಲ. ನೆರೆಯ ಮನೆಯಲ್ಲೊಬ್ಬರು ‘ಕರೆಂಟಿಗೆ ಹೋಗುತ್ತಿದ್ದಾರೆ’ ಎಂದು ಕೇಳಿದರೆ, ಮೊದಲ ವಾರದಲ್ಲಿ ಹಣ್ಣಿನ ಬುಟ್ಟಿ ಹಿಡಿದು ನೋಡಹೋಗುವವರು ಬಹಳ. ಐದನೆಯ ವಾರದಲ್ಲಿ ಹೋಗಿ, ನಾಳೆ ಜೊತೆಗೆ ಬರಲೇ ಎಂದು ಕೇಳುವುದು ಅದಕ್ಕಿಂತ ಹೆಚ್ಚಿನ ಉಪಕಾರ.